ಹಳ್ಳ ಅಳೆದಿದ್ದೀರಾ? – ಗಣಿ, ಕ್ವಾರಿ, ನೀರಿನ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ತಿಂಗಳು ಬೋರ್‌ವೆಲ್ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಬೋರ್‌ವೆಲ್ ಬಗ್ಗೆ ಕೇಳಿದವರು ಕಡಿಮೆ, ಕ್ವಾರಿ ಬಗ್ಗೆ ಕೇಳಿದವರು ಜಾಸ್ತಿ. ಕಾರವಾರದಿಂದ ಭಟ್ಕಳದವರೆಗೆ ಎಲ್ಲರಿಗೂ ಒಂದೇ ಚಿಂತೆ ಹತ್ತಿದ ಹಾಗಿದೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಗಣಿ ಮತ್ತು ನೀರಿಗೆ. ಉದ್ದದ ಪತ್ರಗಳನ್ನು ಕತ್ತರಿಸಿದ್ದೇನೆ, ಬೇಜಾರು ಮಾಡ್ಕೋಬೇಡಿ. ಕೆಲವರು ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮದು ಅಂಕೋಲಾ ತಾಲ್ಲೂಕಿನ ಘಟ್ಟದ ಬುಡದ ಊರು. ಅಡಿಕೆ ತೋಟಕ್ಕೆ ಹಳ್ಳದ ನೀರೇ ಗತಿ. ಈಗ ಮೇಲ್ಗಡೆ ಕರಿಕಲ್ಲಿನ ಕ್ವಾರಿ ಬರುತ್ತಿದೆ. ‘ಕಂಪ್ಯೂಟರ್ ಮಾಡೆಲ್ ಪ್ರಕಾರ 500 ಮೀಟರ್ ಆಚೆ ಪರಿಣಾಮ ಇಲ್ಲ’ ಎಂದು ಅವರ ವರದಿ ಹೇಳುತ್ತದೆ. ನಮ್ಮ ಹಳ್ಳ ಇರುವುದು 600 ಮೀಟರ್ ದೂರದಲ್ಲಿ. ನಂಬಬಹುದೇ?

ಉತ್ತರ: ವರದಿ ನೋಡದೆ ನಂಬಿ ಅಂತಲೂ ಹೇಳಲಾರೆ, ನಂಬಬೇಡಿ ಅಂತಲೂ ಹೇಳಲಾರೆ. ಆದರೆ ಅವರನ್ನು ಒಂದು ಪ್ರಶ್ನೆ ಕೇಳಿ. ಮಾಡೆಲ್ ಮಾಡುವ ಮೊದಲು ಹಳ್ಳದ ನೀರನ್ನು ಯಾರಾದರೂ ಅಳೆದಿದ್ದಾರಾ? ಬಾವಿಯ ಮಟ್ಟ ಎಲ್ಲರೂ ಅಳೆಯುತ್ತಾರೆ. ನಾನು ಕೇಳುತ್ತಿರುವುದು ಹಳ್ಳದಲ್ಲಿ ಹರಿಯುವ ನೀರಿನ ಬಗ್ಗೆ, ಅದೂ ಮಾರ್ಚ್, ಏಪ್ರಿಲ್‌ನಲ್ಲಿ ಹರಿಯುವ ನೀರಿನ ಬಗ್ಗೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಸ್ವಂತ ಎಡವಟ್ಟು. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಸಂಸ್ಥೆಯಲ್ಲಿ ಇಂಥದ್ದೇ ಮಾಡೆಲ್ ಮಾಡುವ ಕೆಲಸದಲ್ಲಿದ್ದೆ. ಘಟ್ಟದ ಕೆಳಗಿನ ಒಂದು ಸಣ್ಣ ಕೊಳ್ಳ, ಅಂದಾಜು 60 ಹೆಕ್ಟೇರ್. ಹನ್ನೊಂದು ಬಾವಿಗಳ ನೀರಿನ ಮಟ್ಟ ಅಳೆದಿದ್ದೆವು. ನೆಲವನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಎಷ್ಟು ನೀರು ಹೋಗುತ್ತದೆ ಎಂದು ಲೆಕ್ಕ ಹಾಕುವುದೇ ಮಾಡೆಲ್. ಒಳಗಿನ ಸೂತ್ರ ಹಳೆಯದು. 1856ರಲ್ಲಿ ಫ್ರಾನ್ಸಿನ ಡಿಜೋನ್ ಊರಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಕಂಡುಕೊಂಡದ್ದು. ನನ್ನ ಮಾಡೆಲ್ ಹನ್ನೊಂದೂ ಬಾವಿಗಳ ಮಟ್ಟವನ್ನು ಅರ್ಧ ಮೀಟರ್ ಒಳಗೆ ಹೇಳಿತು. ನನಗೆ ಹೆಮ್ಮೆಯೋ ಹೆಮ್ಮೆ.

ಊರಿನ ಒಂದು ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಬಣ್ಣದ ನಕ್ಷೆ ತೋರಿಸಿದೆ. ಹುಡುಗರೆಲ್ಲ ಸುತ್ತ ನಿಂತು ನೋಡಿದರು. ಒಳಗಿನಿಂದ ಬಾಳೆಕಾಯಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದ ಅಜ್ಜಿ ಬಾಗಿಲಿಗೆ ಬಂದರು. “ಹಂಗಾರೆ ತಮಾ, ಮಾರ್ಚಿನಲ್ಲಿ ನಮ್ಮ ಹಳ್ಳದಲ್ಲಿ ಎಷ್ಟು ನೀರು ಇರ್ತು?” ಅಂದರು. ನೋಡಿ ಹೇಳಿದೆ, ಸೆಕೆಂಡಿಗೆ ಆರು ಲೀಟರ್. ಅವರಿಗೆ ಲೀಟರ್ ಲೆಕ್ಕ ಬೇಡ. “ಒಂದು ಕೊಡ ತುಂಬಕ್ಕೆ ಎಷ್ಟು ಹೊತ್ತು?” ಅಂದರು. ಎರಡು, ಮೂರು ಸೆಕೆಂಡು ಅಂದೆ. ಅಜ್ಜಿ ನಕ್ಕರು. ನಗು ಅಂದರೆ, ಮೊಮ್ಮಕ್ಕಳಿಗೆ ಕೊಡುವಂಥ ನಗು.

ಸಂಜೆ ಹೋಗಿ ನೋಡಿದೆ. ಹಳ್ಳಕ್ಕೆ ಅಡ್ಡ ಮಣ್ಣು ಕಟ್ಟಿ, ಅಡಿಕೆ ದಬ್ಬೆ ಇಟ್ಟು, 20 ಲೀಟರ್ ಪೇಂಟ್ ಡಬ್ಬಿ ಹಿಡಿದೆ. ತುಂಬಲು 13 ಸೆಕೆಂಡು. ಅಂದರೆ ಸೆಕೆಂಡಿಗೆ ಒಂದೂವರೆ ಲೀಟರ್. ನನ್ನ ಮಾಡೆಲ್ ಹೇಳಿದ್ದರ ಕಾಲು ಭಾಗ.

ಬಾವಿಗಳೆಲ್ಲ ಸರಿ ಇದ್ದು ಹಳ್ಳ ಮಾತ್ರ ತಪ್ಪಾದದ್ದು ಹೇಗೆ? ಸೋರುವ ಕೊಡವನ್ನು ನಲ್ಲಿಯ ಕೆಳಗೆ ಇಡಿ. ಮೇಲಿಂದ ಬೀಳುವಷ್ಟೇ ಕೆಳಗೆ ಸೋರುತ್ತಿದ್ದರೆ ಕೊಡದ ನೀರಿನ ಮಟ್ಟ ಒಂದೇ ಕಡೆ ನಿಲ್ಲುತ್ತದೆ. ಈಗ ನಲ್ಲಿಯನ್ನು ದುಪ್ಪಟ್ಟು ತಿರುಗಿಸಿ, ತೂತನ್ನೂ ದುಪ್ಪಟ್ಟು ಮಾಡಿ. ಮಟ್ಟ ಅಲ್ಲೇ ಇರುತ್ತದೆ. ಸೋರುವ ನೀರು ಮಾತ್ರ ಎರಡು ಪಟ್ಟು. ಮಾಡೆಲ್‌ನಲ್ಲಿ ನಲ್ಲಿ ಅಂದರೆ ಮಳೆಯಲ್ಲಿ ಇಂಗುವ ಪಾಲು. ತೂತು ಅಂದರೆ ಕಲ್ಲು, ಮಣ್ಣು ನೀರು ಬಿಡುವ ಗುಣ. ಎರಡನ್ನೂ ನಾನು ನಾಲ್ಕು ಪಟ್ಟು ಜಾಸ್ತಿ ಹಿಡಿದಿದ್ದೆ. ಮಳೆಯ ಶೇ. 20 ಇಂಗುತ್ತದೆ ಎಂದು ಎಲ್ಲೋ ಬರೆದಿದ್ದನ್ನು ಹಾಗೇ ಎತ್ತಿ ಹಾಕಿದ್ದು. ಬಾವಿಯ ಮಟ್ಟ ನೋಡಿದವರಿಗೆ ಈ ತಪ್ಪು ಸಿಗುವುದೇ ಇಲ್ಲ. ಹಳ್ಳಕ್ಕೆ ಡಬ್ಬಿ ಹಿಡಿದರೆ ಒಂದು ಸಂಜೆಯಲ್ಲಿ ಸಿಗುತ್ತದೆ.

ತಪ್ಪಿನ ಬೆಲೆ ಎಷ್ಟು ನೋಡಿ. ಕ್ವಾರಿ ಗುಂಡಿಗೆ ನೆಲದಿಂದ ಬಸಿದು ಬರುವ ನೀರನ್ನು ಹೊರಹಾಕಲು ಸೆಕೆಂಡಿಗೆ ಒಂದು ಲೀಟರ್ ಪಂಪ್ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಅದು ಪೂರ್ತಿ ಹಳ್ಳದ ಪಾಲಿನಿಂದಲೇ ಹೋದರೆ, ಮಾಡೆಲ್ ಲೆಕ್ಕದಲ್ಲಿ ಆರರಲ್ಲಿ ಒಂದು. ‘ಅಲ್ಪ ಪರಿಣಾಮ’ ಎಂದು ಬರೆದು ಮುಗಿಸಬಹುದು. ನಿಜದ ಹಳ್ಳದಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು.

ನಿಮ್ಮ ವರದಿಗೆ ಬರೋಣ. ಮಾಡೆಲ್ಲನ್ನು ಎಷ್ಟು ವರ್ಷ ಓಡಿಸಿದ್ದಾರೆ, ಅಂದರೆ ಮುಂದಿನ ಎಷ್ಟು ವರ್ಷದ ಲೆಕ್ಕ ಹಾಕಿದ್ದಾರೆ, ನೋಡಿ. ಗುಂಡಿಯಲ್ಲಿ ಪಂಪ್ ಹಾಕಿದ ಮಾರನೇ ದಿನವೇ ಹಳ್ಳ ಇಳಿಯುವುದಿಲ್ಲ. ಮೊದಲು ಗುಂಡಿಯ ಸುತ್ತಲ ನೆಲದಲ್ಲಿ ಕೂತ ನೀರು ಖಾಲಿಯಾಗುತ್ತದೆ. ಆಮೇಲೆ ಆ ಇಳಿತ ಬೋಗುಣಿಯ ಹಾಗೆ ಅಗಲವಾಗುತ್ತಾ ಹಳ್ಳವನ್ನು ಮುಟ್ಟುತ್ತದೆ. ಎಷ್ಟು ದಿನಕ್ಕೆ ಎಂಬುದಕ್ಕೆ ಒಂದು ಒರಟು ಲೆಕ್ಕ ಇದೆ. ದೂರದ ವರ್ಗವನ್ನು ನೆಲ ನೀರು ಹಿಡಿಯುವ ಪ್ರಮಾಣದಿಂದ ಗುಣಿಸಿ, ನೀರು ಸಾಗಿಸುವ ಶಕ್ತಿಯಿಂದ ಭಾಗಿಸಬೇಕು. ನಮ್ಮ ಕಡೆಯ ಬಿರುಕು ಕಲ್ಲು, ಮೇಲಿನ ಕೊಳೆತ ಕಲ್ಲು ಎರಡಕ್ಕೂ ಸೇರಿಸಿ ಹಿಡಿಯುವುದು ಶೇ. 3, ಸಾಗಿಸುವುದು ದಿನಕ್ಕೆ 20 ಚದರ ಮೀಟರ್ ಎಂದು ಇಟ್ಟುಕೊಂಡರೆ, 600 ಮೀಟರ್‌ಗೆ 540 ದಿನ ಬರುತ್ತದೆ. ಅಷ್ಟು ಹೊತ್ತಿಗೆ ಪಂಪ್ ಮಾಡಿದ ಒಟ್ಟು ನೀರಿನಲ್ಲಿ ಶೇ. 28ರಷ್ಟು ಹಳ್ಳದ್ದೇ ಆಗಿರುತ್ತದೆ, ಮುಂದೆ ಆ ಪಾಲು ಏರುತ್ತಲೇ ಹೋಗುತ್ತದೆ. ದೂರ ದುಪ್ಪಟ್ಟಾದರೆ ದಿನ ನಾಲ್ಕು ಪಟ್ಟು, ಹೆಚ್ಚುಕಡಿಮೆ ಆರು ವರ್ಷ. ಹಾಗಾಗಿ ಒಂದೇ ವರ್ಷ ಓಡಿಸಿದ ಮಾಡೆಲ್ ‘ಪರಿಣಾಮ ಇಲ್ಲ’ ಎನ್ನುವುದರಲ್ಲಿ ಆಶ್ಚರ್ಯ ಇಲ್ಲ. ಪಂಪ್ ನಿಲ್ಲಿಸಿದ ಮೇಲೂ ಸ್ವಲ್ಪ ಕಾಲ ಹಳ್ಳ ಇಳಿಯುತ್ತಲೇ ಇರಬಹುದು. ಬೋಗುಣಿ ತುಂಬಬೇಕಲ್ಲ.

ಇನ್ನೊಂದು ಮೋಸ ಇದೆ, ಬೇಕಂತಲೇ ಮಾಡುವುದಲ್ಲ, ತಾನಾಗಿ ಆಗುವುದು. ಗುಂಡಿಯಿಂದ ಎತ್ತಿದ ನೀರನ್ನು ಎಲ್ಲಿ ಬಿಡುತ್ತಾರೆ? ಹಳ್ಳಕ್ಕೇ. ಕ್ವಾರಿ ನಡೆಯುವಷ್ಟು ದಿನ ಬೇಸಿಗೆಯಲ್ಲೂ ಹಳ್ಳ ಮೊದಲಿಗಿಂತ ಜೋರಾಗಿ ಹರಿಯುತ್ತದೆ. ‘ನೋಡಿ, ಕ್ವಾರಿ ಬಂದ ಮೇಲೆ ನೀರು ಜಾಸ್ತಿಯಾಯ್ತು’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಅಮೆರಿಕದ ನೆವಾಡಾದಲ್ಲಿ ಹಂಬೋಲ್ಟ್ ಎಂಬ ನದಿ ಇದೆ. ಒಣ ಸೀಮೆಯ ನದಿ, ಸಮುದ್ರ ಸೇರುವುದೇ ಇಲ್ಲ, ಒಳನಾಡಿನ ತಗ್ಗಿನಲ್ಲಿ ಇಂಗಿ ಆರಿ ಮುಗಿಯುತ್ತದೆ. ಆ ಕೊಳ್ಳದ ದೊಡ್ಡ ಚಿನ್ನದ ಗಣಿಗಳು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅಗೆದವು. 1990ರ ದಶಕದಲ್ಲಿ ಪಂಪ್ ಮಾಡಿದ ನೀರಿನಲ್ಲಿ ಒಂದು ಪಾಲನ್ನು ನದಿಗೇ ಬಿಟ್ಟವು, ಇನ್ನೊಂದಿಷ್ಟನ್ನು ಹೊಲಗಳಿಗೆ, ಮತ್ತಷ್ಟನ್ನು ಮರಳಿ ನೆಲಕ್ಕೆ. ಇಂಥ ಕಡೆ ನದಿಯನ್ನು ಸುಮ್ನೆ ನೋಡಿದರೆ ಏನೂ ತಿಳಿಯುವುದಿಲ್ಲ. ಬಿಟ್ಟದ್ದೆಷ್ಟು, ನೆಲದಿಂದ ಬಂದದ್ದೆಷ್ಟು ಎಂದು ಬೇರೆ ಮಾಡಬೇಕು. ಅದಕ್ಕೇ ಅಲ್ಲಿ ನೆಲದ ನೀರು, ನದಿ ನೀರು ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಮಾಡೆಲ್ ಬೇಕಾಗುವುದು. ಒಂದನ್ನು ಬಿಟ್ಟು ಒಂದು ಮಾಡಿದರೆ ಜಮಾ ಬರೆದು ಖರ್ಚು ಬಿಟ್ಟ ಹಾಗೆ.

ನಿಮ್ಮ ಊರಿನಲ್ಲಿ ಕ್ವಾರಿ ಇನ್ನೂ ಶುರುವಾಗಿಲ್ಲ ಅಲ್ವಾ? ಹಾಗಾದರೆ ಈ ಬೇಸಿಗೆ ನಿಮ್ಮ ಕೈಯಲ್ಲಿದೆ. ಮುಂದಿನ ಉತ್ತರ ಓದಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಮನೆಗೆ ಅಬ್ಬಿ ನೀರು ಬರುತ್ತದೆ, ಮೋಟಾರ್ ಇಲ್ಲ. ನೀರು ಕಡಿಮೆಯಾಗಿದೆ ಎಂದು ಯಜಮಾನರು, ಇಲ್ಲ ಮೊದಲಿನ ಹಾಗೇ ಇದೆ ಎಂದು ನಾನು. ಅಳೆಯಲು ಯಾವ ಯಂತ್ರ ತರಿಸಬೇಕು?

ಉತ್ತರ: ಯಂತ್ರ ಬೇಡ ತಾಯಿ. ಒಂದು ಡಬ್ಬಿ, ಒಂದು ಮೊಬೈಲ್ ಸಾಕು. ಮೂರು ಸಲ ಹಿಡಿದು ಸರಾಸರಿ ತೆಗೆಯಿರಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯಿರಿ, ವಾರಕ್ಕೊಮ್ಮೆ, ಒಂದೇ ಹೊತ್ತಿಗೆ. ಬೆಳಿಗ್ಗೆ ಆದರೆ ಒಳ್ಳೆಯದು, ತೋಟಕ್ಕೆ ನೀರು ಬಿಡುವ ಮೊದಲು.

ಹಳ್ಳ ದೊಡ್ಡದಿದ್ದು ಡಬ್ಬಿಗೆ ಸಿಗದಿದ್ದರೆ ಹಲಗೆ ಬೇಕು. ಹಲಗೆಯ ಮೇಲಂಚಿನಲ್ಲಿ ವಿ ಆಕಾರದ ಕಚ್ಚು ಕೊಯ್ಯಿಸಿ, ಎರಡು ಬದಿಯ ನಡುವೆ ಸರಿಯಾಗಿ 90 ಡಿಗ್ರಿ. ಬಡಗಿಯ ಮೂಲೆಮಟ್ಟ ಇಟ್ಟರೆ ಆಯ್ತು. ಹಲಗೆಯನ್ನು ಹಳ್ಳಕ್ಕೆ ಅಡ್ಡ ನಿಲ್ಲಿಸಿ, ಸಂದಿಗೆಲ್ಲ ಜೇಡಿಮಣ್ಣು ಮೆತ್ತಿ, ನೀರೆಲ್ಲ ಕಚ್ಚಿನಿಂದಲೇ ಬೀಳುವ ಹಾಗೆ ಮಾಡಿ. ಕಚ್ಚಿನ ತುದಿಗಿಂತ ನೀರು 10 ಸೆಂಟಿಮೀಟರ್ ಮೇಲಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್. 5 ಸೆಂಟಿಮೀಟರ್ ಇದ್ದರೆ ಅದರ ಅರ್ಧ ಎಂದುಕೊಳ್ಳಬೇಡಿ, ಮುಕ್ಕಾಲು ಲೀಟರ್ ಚಿಲ್ಲರೆ ಅಷ್ಟೇ. ಇಲ್ಲೇ ಕಣ್ಣು ಮೋಸ ಹೋಗುವುದು. ನೀರು ಅರ್ಧ ಇಳಿದ ಹಾಗೆ ಕಂಡರೆ ನಿಜದಲ್ಲಿ ಐದೂವರೆ ಪಟ್ಟು ಇಳಿದಿರುತ್ತದೆ. ಅಳತೆ ಪಟ್ಟಿಯನ್ನು ಕಚ್ಚಿನ ಮೇಲೇ ಇಡಬೇಡಿ, ಅಲ್ಲಿ ನೀರು ಬಾಗಿರುತ್ತದೆ. ಎರಡು ಮೊಳ ಹಿಂದೆ, ನೀರು ಸಪಾಟಾಗಿ ನಿಂತ ಕಡೆ ಇಡಿ.

ಜಗಳದಲ್ಲಿ ಯಾರು ಗೆದ್ದರು ಎಂದು ಮೇ ತಿಂಗಳಲ್ಲಿ ಬರೆದು ತಿಳಿಸಿ.

ಪ್ರಶ್ನೆ: ನಾನು ಕಾರವಾರದ ವಿದ್ಯಾರ್ಥಿನಿ. ಗಣಿ ಇರುವ ಒಂದು ಕೊಳ್ಳದ ಅಂತರ್ಜಲ ಮಾಡೆಲ್ ನನ್ನ ಪ್ರಾಜೆಕ್ಟ್. ಮಾಡ್‌ಫ್ಲೋ ಎಂಬ ಅಂತರ್ಜಲ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ. ಪಂಪ್ ಎಷ್ಟೇ ಜಾಸ್ತಿ ಮಾಡಿದರೂ ಮಾಡೆಲ್‌ನಲ್ಲಿ ನೀರಿನ ಮಟ್ಟ ಇಳಿಯುತ್ತಲೇ ಇಲ್ಲ ಸರ್. ಎಲ್ಲಿ ತಪ್ಪಿದೆ?

ಉತ್ತರ: ಒಳ್ಳೆಯ ಪ್ರಶ್ನೆ ಮಗಳೇ. ಗಣಿಯ ಪಕ್ಕದಲ್ಲಿ ನದಿ ಇದೆ, ಅದನ್ನು ನೀನು ‘ರಿವರ್’ ಪ್ಯಾಕೇಜಿನಲ್ಲಿ ಹಾಕಿದ್ದೀಯ. ಹೌದೋ? ಹಾಗಾದರೆ ತಪ್ಪು ಅಲ್ಲೇ ಇದೆ.

ಮಾಡ್‌ಫ್ಲೋವನ್ನು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು 1984ರಲ್ಲಿ ಮೊದಲು ಬಿಟ್ಟರು. ಇವತ್ತಿಗೂ ಉಚಿತ. ಅದರಲ್ಲಿ ರಿವರ್ ಪ್ಯಾಕೇಜ್ ಎಂದರೆ ಬತ್ತದ ಅಕ್ಷಯ ಪಾತ್ರೆ. ನದಿಯ ಮಟ್ಟ ಇಷ್ಟು ಎಂದು ನೀನು ಹೇಳಿದರೆ ಮುಗಿಯಿತು, ಅದು ಇಳಿಯುವುದಿಲ್ಲ. ಗಣಿ ಎಷ್ಟು ಎಳೆದರೂ ನದಿ ಕೊಡುತ್ತಲೇ ಇರುತ್ತದೆ. ಏಪ್ರಿಲ್‌ನಲ್ಲಿ ಕಲ್ಲು ಮಾತ್ರ ಕಾಣುವ ಹಳ್ಳವೂ ಮಾಡೆಲ್‌ನಲ್ಲಿ ಜುಲೈ ತಿಂಗಳ ಕಾಳಿ ನದಿಯ ಹಾಗೆ ನೀರು ಕೊಡುತ್ತದೆ. ಕೆಲವು ದಪ್ಪ ವರದಿಗಳಲ್ಲೂ ಇದೇ ತಪ್ಪನ್ನು ನೋಡಿದ್ದೇನೆ, ಹಾಗಾಗಿ ಬೇಜಾರು ಮಾಡ್ಕೋಬೇಡ.

ಅದರ ಬದಲು ‘ಸ್ಟ್ರೀಮ್‌ಫ್ಲೋ ರೂಟಿಂಗ್’ ಪ್ಯಾಕೇಜ್ ಬಳಸು. ಅಲ್ಲಿ ಹಳ್ಳಕ್ಕೆ ಮೇಲಿಂದ ಎಷ್ಟು ಬಂತೋ ಅಷ್ಟೇ ಕೊಡಲು ಸಾಧ್ಯ. ಮುಗಿದರೆ ಬತ್ತುತ್ತದೆ. ಮಳೆ, ಕಾಡು, ಮಣ್ಣಿನ ತೇವ ಎಲ್ಲವನ್ನೂ ಸೇರಿಸಬೇಕಾದರೆ 2008ರಲ್ಲಿ ಬಂದ ಜಿಎಸ್‌ಫ್ಲೋ ಇದೆ. ಮೇಲ್ನೀರಿನ ಮಾಡೆಲ್ ಒಂದನ್ನು ಮಾಡ್‌ಫ್ಲೋಗೆ ಜೋಡಿಸಿದ್ದು. ಆದರೆ ಮೊದಲ ಪ್ರಾಜೆಕ್ಟಿಗೆ ಅದು ಬೇಡ, ತಲೆ ಕೆಡುತ್ತದೆ.

ವರ್ಷದ ಸರಾಸರಿ ಮಳೆ ಹಾಕಿ ಒಂದೇ ಸಲ ಓಡಿಸಬೇಡ. ನಮ್ಮಲ್ಲಿ 3000 ಮಿಲಿಮೀಟರ್ ಮಳೆ ಬರುವುದು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ನಿನ್ನ ಮಾಡೆಲ್‌ನಲ್ಲಿ ಬೇಸಿಗೆಯೇ ಬರುವುದಿಲ್ಲ. ಗಣಿಯ ತೊಂದರೆ ಕಾಣುವುದು ಬೇಸಿಗೆಯಲ್ಲೇ. ತಿಂಗಳಿನ ಹೆಜ್ಜೆಯಾದರೂ ಇಡು, ಮಳೆಗಾಲಕ್ಕೆ ವಾರದ್ದು. ಜೂನ್‌ನಲ್ಲಿ ನೆಲ ತುಂಬಿದ ಮೇಲೆ ಜುಲೈ ಮಳೆ ಇಂಗುವುದಿಲ್ಲ, ಹರಿದು ಹೋಗುತ್ತದೆ. ಆದ್ದರಿಂದ ಇಂಗುವ ಪಾಲನ್ನೂ ತಿಂಗಳಿಂದ ತಿಂಗಳಿಗೆ ಬದಲಿಸು.

ಚೌಕದ ಅಳತೆಯನ್ನೂ ನೋಡಿಕೋ. ನಮ್ಮ ಘಟ್ಟದ ಕೊಳ್ಳಗಳು ಇಕ್ಕಟ್ಟು. 100 ಮೀಟರಿನ ಚೌಕದಲ್ಲಿ ಒಂದು ಗುಡ್ಡ, ಒಂದು ತೋಟ, ಒಂದು ಹಳ್ಳ ಮೂರೂ ಒಟ್ಟಿಗೆ ಬಿದ್ದುಬಿಡುತ್ತವೆ. ಒಂದು ಚೌಕಕ್ಕೆ ಒಂದೇ ಎತ್ತರ ತಾನೆ, ಆಗ ಹಳ್ಳದ ತಳ ಗುಡ್ಡದ ಮೇಲೆ ಕೂರುತ್ತದೆ. ಎತ್ತರದ ನಕ್ಷೆ ಇಸ್ರೋದ ಭುವನ್ ಜಾಲತಾಣದಲ್ಲಿ 30 ಮೀಟರಿನದು ಸಿಗುತ್ತದೆ. ಮಳೆಯ ಅಂಕಿಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು ಕೇಳು, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕ ಇಟ್ಟವರು ಅವರು. ಬಾವಿಗಳ ಮಟ್ಟಕ್ಕೆ ಕೇಂದ್ರ ಅಂತರ್ಜಲ ಮಂಡಳಿ. ಹಳ್ಳದ ಅಂಕಿ ಮಾತ್ರ ಎಲ್ಲೂ ಸಿಗುವುದಿಲ್ಲ. ಅದಕ್ಕೆ ನೀನೇ ಚಪ್ಪಲಿ ಬಿಚ್ಚಿ ಇಳಿಯಬೇಕು.

ಪ್ರಶ್ನೆ: ಜೋಯಿಡಾ ಕಡೆ ಹಳೆಯ ಮ್ಯಾಂಗನೀಸ್ ಗಣಿಯ ಕೆಳಗೆ ನಮ್ಮ ಬೋರು. ನೀರು ತಿಳಿಯಾಗಿಯೇ ಬರುತ್ತದೆ, ಬಕೆಟ್‌ನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಕಪ್ಪು. ಬಿಳಿ ಪಂಚೆ ಹಾಳಾಯಿತು. ವಿಷವೇ?

ಉತ್ತರ: ಗಾಳಿ ಸಿಗದ ಆಳದಲ್ಲಿ ಮ್ಯಾಂಗನೀಸ್ ನೀರಿನಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಲೆ ಬಂದು ಗಾಳಿ ತಾಗಿದಾಗ ಕಪ್ಪು ಪುಡಿಯಾಗಿ ಕೂರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 0.3ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುಡಿಯಲು ಬೇರೆ ನೀರು ಬಳಸಿ, ಚಿಕ್ಕ ಮಕ್ಕಳಿದ್ದರೆ ಖಂಡಿತ. ಇದು ಗಣಿಯಿಂದಲೇ ಬಂತು ಎಂದು ಹೇಳಲಾಗದು. ಮ್ಯಾಂಗನೀಸ್ ಕಲ್ಲು ಅಲ್ಲಿ ಇದ್ದದ್ದಕ್ಕೇ ತಾನೆ ಗಣಿ ಬಂದದ್ದು? ಪಂಚೆಗೆ ಬ್ಲೀಚಿಂಗ್ ಪುಡಿ ಹಾಕಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ.

ಪ್ರಶ್ನೆ: ಗಂಗಾವಳಿ ದಂಡೆಯವರು ನಾವು. ಹೊಳೆಯಲ್ಲಿ ಮರಳು ತೆಗೆದು ತೆಗೆದು ಗುಂಡಿ ಬಿದ್ದಿದೆ. ಈಗ ಮಾರ್ಚ್ ಬಂದರೆ ಬಾವಿ ನೀರು ಉಪ್ಪು. ಹೊಳೆಯ ಮರಳಿಗೂ ಬಾವಿಯ ಉಪ್ಪಿಗೂ ಏನು ಸಂಬಂಧ?

ಉತ್ತರ: ನೇರ ಸಂಬಂಧ ಇದೆ. ಎರಡು ದಾರಿಯಿಂದ ಬರುತ್ತದೆ. ಹೊಳೆಯ ತಳ ತಗ್ಗಿದರೆ ಭರತದ ನೀರು ಮೊದಲಿಗಿಂತ ಮೇಲಕ್ಕೆ ನುಗ್ಗುತ್ತದೆ. ಉಪ್ಪುನೀರು ಭಾರ, ತಳದಲ್ಲೇ ಸರಿದು ಗುಂಡಿಗಳಲ್ಲಿ ಕೂತುಬಿಡುತ್ತದೆ. ಇಳಿತದಲ್ಲೂ ಪೂರ್ತಿ ಹೊರಗೆ ಹೋಗುವುದಿಲ್ಲ.

ಎರಡನೆಯದು ನೆಲದೊಳಗೆ. ಹೊಳೆಯ ಮಟ್ಟ ಇಳಿದರೆ ದಂಡೆಯ ಬಾವಿಗಳ ಸಿಹಿನೀರು ಹೊಳೆಯ ಕಡೆ ಬಸಿದು ಇಳಿಯುತ್ತದೆ. ಕರಾವಳಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಕಾಫಿ ಮೇಲಿನ ಕೆನೆಯ ಹಾಗೆ. ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿ ಇರುತ್ತದೆ. ನೂರು ವರ್ಷಕ್ಕೂ ಹಿಂದೆ ಯುರೋಪಿನ ಕರಾವಳಿಯಲ್ಲಿ ಕಂಡುಕೊಂಡ ಲೆಕ್ಕ ಇದು. ಇದನ್ನೇ ತಿರುಗಿಸಿ ನೋಡಿ. ಮೇಲೆ ಒಂದು ಗೇಣು ಇಳಿದರೆ ಕೆಳಗಿನ ಉಪ್ಪು ಸುಮಾರು 40 ಗೇಣು ಮೇಲೇರಬಹುದು. ತಕ್ಷಣ ಅಲ್ಲ, ನಿಧಾನಕ್ಕೆ. ಬಾವಿಯನ್ನು ಇನ್ನೂ ಆಳ ಮಾಡಿಸುವ ಆಲೋಚನೆ ಇದ್ದರೆ ಬಿಟ್ಟುಬಿಡಿ, ಉಪ್ಪನ್ನು ನೀವೇ ಹುಡುಕಿಕೊಂಡು ಹೋದ ಹಾಗಾಗುತ್ತದೆ. ಹೊಳೆಯಿಂದ ದೂರ, ಆಳ ಕಡಿಮೆ, ಅಗಲ ಜಾಸ್ತಿ ಇರುವ ಬಾವಿ ಒಳ್ಳೆಯದು. ದೊಡ್ಡ ಪಂಪನ್ನು ಒಂದೇ ಸಲ ಎರಡು ಗಂಟೆ ಓಡಿಸುವ ಬದಲು ಸಣ್ಣದನ್ನು ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ.

ಪ್ರಶ್ನೆ: ಹೊನ್ನಾವರದಲ್ಲಿ ನಮ್ಮ ಜಾಗದಲ್ಲಿ ಚಿರೆಕಲ್ಲು ತೆಗೆದು ಬಿಟ್ಟ ಒಂದು ಎಕರೆ ಗುಂಡಿ ಇದೆ. ಮಳೆಗಾಲದಲ್ಲಿ ತುಂಬುತ್ತದೆ. ಇದು ಒಳ್ಳೆಯ ಇಂಗುಗುಂಡಿ ಎಂದು ಒಬ್ಬರು, ಕಲ್ಲು ತೆಗೆದದ್ದರಿಂದಲೇ ಕೆಳಗಿನ ಒರತೆ ಬತ್ತಿತು ಎಂದು ಇನ್ನೊಬ್ಬರು. ಯಾರು ಸರಿ?

ಉತ್ತರ: ಇಬ್ಬರೂ ಸರಿ ಇರಬಹುದು. ಚಿರೆಕಲ್ಲು ತೂತು ತೂತಾದ ಕಲ್ಲು, ಸ್ಪಂಜಿನ ಹಾಗೆ. ಅದರ ಕೆಳಗೆ ಶೇಡಿ ಮಣ್ಣು, ಅದು ನೀರು ಬಿಡುವುದು ಬಹಳ ಕಡಿಮೆ. ಚಿರೆಕಲ್ಲಿನಲ್ಲಿ ಇಂಗಿದ ಮಳೆ ಶೇಡಿಯ ಮೇಲೆ ತಡೆದು ಅಡ್ಡಕ್ಕೆ ಸರಿದು, ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಬರುತ್ತದೆ. ಒಂದು ಎಕರೆಯಲ್ಲಿ ಐದು ಮೀಟರ್ ದಪ್ಪ ಕಲ್ಲು, ಅದು ಬಿಟ್ಟುಕೊಡುವ ನೀರು ಶೇ. 5 ಎಂದು ಹಿಡಿದರೂ 10 ಲಕ್ಷ ಲೀಟರ್. ಸೆಕೆಂಡಿಗೆ ಅರ್ಧ ಲೀಟರ್ ಹರಿಯುವ ಒರತೆಗೆ ಅದು 23 ದಿನದ ನೀರು. ಕಲ್ಲು ಹೋದರೆ ಆ 23 ದಿನ ಹೋಯಿತು. ಮೇ ಕೊನೆಯ ತನಕ ಬರುತ್ತಿದ್ದ ಒರತೆ ಮೇ ಮೊದಲ ವಾರವೇ ನಿಂತರೆ ಕಾರಣ ಇದೇ ಇರಬಹುದು.

ಆದರೆ ಖಾಲಿ ಗುಂಡಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನೀರು ಹಿಡಿಯುತ್ತದೆ. ಪ್ರಶ್ನೆ ಅದು ಇಂಗುತ್ತದೋ, ಸುಮ್ನೆ ಬಿಸಿಲಿಗೆ ಆರುತ್ತದೋ ಎಂಬುದು. ತಳದಲ್ಲಿ ಒಂದಿಷ್ಟು ಚಿರೆಕಲ್ಲು ಉಳಿಸಿದ್ದರೆ ಇಂಗುತ್ತದೆ. ಶೇಡಿ ಬಿಳಿಚಿಕೊಂಡು ಕಾಣುವ ತನಕ ಕೆರೆದಿದ್ದರೆ, ಅಥವಾ ಕಲ್ಲಿನ ಪುಡಿ ಕೆಸರಾಗಿ ತಳಕ್ಕೆ ಗಾರೆ ಹಾಕಿದ ಹಾಗೆ ಕೂತಿದ್ದರೆ, ಇಂಗುವುದು ಕಡಿಮೆ.

ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್‌ನಲ್ಲಿ ಗುಂಡಿಯಲ್ಲಿ ಒಂದು ಬಿದಿರು ನೆಟ್ಟು ನೀರಿನ ಮಟ್ಟಕ್ಕೆ ಪೇಂಟ್ ಗುರುತು ಹಾಕಿ. ದನಗಳಿಗೆ ಕುಡಿಸುವುದು, ಪಂಪ್ ಹಾಕುವುದು ಹತ್ತು ದಿನ ಬೇಡ. ಬಿಸಿಲಿಗೆ ಆರುವುದು ದಿನಕ್ಕೆ ಸುಮಾರು 5 ಮಿಲಿಮೀಟರ್, ಹತ್ತು ದಿನಕ್ಕೆ 5 ಸೆಂಟಿಮೀಟರ್. ಗುರುತಿನಿಂದ ನೀರು ನಾಲ್ಕು ಬೆರಳು ಇಳಿದಿದ್ದರೆ ಹೆಚ್ಚುಕಡಿಮೆ ಬಿಸಿಲೇ ಕುಡಿದಿದೆ, ಆಗ ಒಮ್ಮೆ ಗುಂಡಿ ಬತ್ತಿದಾಗ ತಳದ ಕೆಸರು ತೆಗೆಸಿ ನೋಡಿ. ಒಂದೂವರೆ ಗೇಣು ಇಳಿದಿದ್ದರೆ ಇಂಗುತ್ತಿದೆ. ಹಾಗಿದ್ದರೆ ಅದೇ ಹತ್ತು ದಿನ ಕೆಳಗಿನ ಒರತೆಗೂ ಒಂದು ಡಬ್ಬಿ ಹಿಡಿಯಿರಿ. ಗುಂಡಿಯಿಂದ ಹೋದ ನೀರು ನಿಮ್ಮ ಒರತೆಗೇ ಬಂತೋ, ಆಚೆ ಬದಿಯವರ ಬಾವಿಗೆ ಹೋಯಿತೋ, ನೋಡಬೇಕಲ್ಲ.